ಗಿಲ್ಬೋವ ಚರ್ಚಿನ ಬೀಸಣಿಗೆಗಳು

ಡಬ್ಬ ತೆರೆದರೆ ಒಳಗೆ ಟಾಲಿವರ್ ಸಾಹೇಬರು ನಗುತ್ತಿದ್ದರು. ಒಬ್ಬರಲ್ಲ, ಡಬ್ಬದ ತುಂಬ. ಪ್ರತಿ ರಟ್ಟಿನ ಬೀಸಣಿಗೆಯ ಮೇಲೂ ಅದೇ ಕಪ್ಪು ಕೋಟು, ಅದೇ ಚಿನ್ನದ ಹಲ್ಲು, ಕೆಳಗೆ ‘ನಿಮ್ಮ ಕೊನೆಯ ಪಯಣಕ್ಕೆ ನಾವಿದ್ದೇವೆ’ ಎಂಬ ಭರವಸೆ. ಲವೆಲ್ ಒಂದನ್ನು ಎತ್ತಿ ತಿರುಗಿಸಿ ನೋಡಿದ, ಇನ್ನೊಂದನ್ನು ಎತ್ತಿದ, ಕೊನೆಗೆ ಇಡೀ ಡಬ್ಬವನ್ನೇ ಅಡುಗೆಮನೆಯ ಮೇಜಿನ ಮೇಲೆ ಬೋರಲು ಹಾಕಿದ. ಎರಡು ವರ್ಷ ಕೂತು ಅವನು ಬರೆದಿದ್ದ ಚಿತ್ರಗಳಲ್ಲಿ ಒಂದೂ ಅಲ್ಲಿರಲಿಲ್ಲ.

ಆದದ್ದು ಇಷ್ಟು. ಅಮೆರಿಕದ ಮೆಂಫಿಸ್ ಊರಿನ ದಕ್ಷಿಣ ಭಾಗದಲ್ಲಿ ಚರ್ಚ್ ಎಂದರೆ ಬೀಸಣಿಗೆ, ಬೀಸಣಿಗೆ ಎಂದರೆ ಶವಸಂಸ್ಕಾರದ ಕಂಪನಿಯ ಜಾಹೀರಾತು. ಬದುಕಿದ್ದಾಗ ಗಾಳಿ ಕೊಟ್ಟವರನ್ನು ಸತ್ತ ಮೇಲೆ ಮನೆಯವರು ಮರೆಯುವುದಿಲ್ಲ ಎಂಬುದು ಟಾಲಿವರರ ಲೆಕ್ಕಾಚಾರ. ಲವೆಲ್ ಅವರಿಂದ ಮಿಕ್ಕ ಬೀಸಣಿಗೆಗಳ ಒಂದು ಡಬ್ಬ ಕೇಳಿ ತಂದು, ಸಾಹೇಬರ ಮುಖಕ್ಕೆ ಬಿಳಿ ಬಣ್ಣ ಬಳಿದು, ಅದರ ಮೇಲೆ ತನ್ನ ಚಿತ್ರಗಳನ್ನು ಬರೆದಿದ್ದ. ಮೊನ್ನೆ ಕಂಪನಿಯವರು ಚರ್ಚಿಗೆಂದು ಇನ್ನೊಂದು ಡಬ್ಬವನ್ನು ಮನೆಗೇ ತಂದು ಇಳಿಸಿದ್ದರು, ಏಕೆಂದರೆ ಚರ್ಚಿನ ಆರ್ಗನ್ ನುಡಿಸುವ ಕ್ವಿನ್ಸಿ ಇರುವುದು ಇದೇ ಮನೆಯಲ್ಲಿ. ಎರಡು ಡಬ್ಬಗಳ ಮೇಲೂ ಟಾಲಿವರರ ಹೆಸರು. ಇವತ್ತು ಭಾನುವಾರ, ಆಗಸ್ಟ್ ತಿಂಗಳು, ಬೆಳಗಾಗುವಷ್ಟರಲ್ಲಿ ಚರ್ಚಿನ ಎ.ಸಿ. ಪ್ರಾಣ ಬಿಟ್ಟಿತ್ತು. ಬೀಸಣಿಗೆ ತಗೊಂಡು ಬಾ ಎಂದು ಫೋನು ಬಂತು. ಕ್ವಿನ್ಸಿ ಬಾಯಲ್ಲಿ ಟೈ ಕಚ್ಚಿಕೊಂಡು, ಕೈಗೆ ಸಿಕ್ಕಿದ ಡಬ್ಬ ಎತ್ತಿಕೊಂಡು ಓಡಿದ್ದ.

ಲವೆಲ್ ಬರೆಯುತ್ತಿದ್ದದ್ದು ತನ್ನಂಥವರನ್ನೇ. ಗಂಡಸನ್ನು ಪ್ರೀತಿಸಿದ ಗಂಡಸರು, ಹೆಂಗಸಿನ ಕೈ ಹಿಡಿದ ಹೆಂಗಸರು, ಹುಟ್ಟಿದಾಗ ಇಟ್ಟ ಹೆಸರನ್ನು ಬಿಸಾಕಿ ಬೇಕಾದ ಹೆಸರನ್ನು ಇಟ್ಟುಕೊಂಡವರು. ಎಲ್ಲರೂ ಇದೇ ಕೇರಿಯ ಕರಿಯ ಜನ, ಇದ್ದವರು, ಹೋದವರು. ಎಲ್ಲರೂ ಯಾವುದೋ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿರುವವರು. ಮೈ ತುಂಬ ಗಾಜಿನ ಹರಳು, ಚಮಕಿ, ಮಿಂಚಿನ ಪುಡಿ. ‘ಇವರ ನೋವೆಲ್ಲಿ?’ ಎಂದು ಮ್ಯೂಸಿಯಮ್ಮಿನ ಹೆಂಗಸು ಮೊದಲ ಸಲ ಬಂದಾಗ ಕೇಳಿದ್ದಳು. ‘ನೋವು ಬೇಕಾದ್ರೆ ಟೀವಿ ಹಾಕಿ ಮೇಡಂ, ಪುಕ್ಕಟೆ ತೋರಿಸ್ತಾರೆ’ ಎಂದಿದ್ದ ಲವೆಲ್. ಆಕೆ ಇನ್ನೊಂದು ಸಲ ನೋಡಿದಳು. ಚಿತ್ರದಲ್ಲಿ ಯಾರ ಕಾಲೂ ನೆಲಕ್ಕೆ ತಾಗಿರಲಿಲ್ಲ. ಆಕೆ ಮನೆಗೆ ಹೋಗಿ, ಇಹದ ಭಾರ ಕಳಚಿಕೊಂಡು ಮೇಲೇಳುವ ಆನಂದದ ಬಗ್ಗೆ ಉದ್ದನೆಯ ಲೇಖನ ಬರೆದಳು, ಪ್ರದರ್ಶನ ಗೊತ್ತುಮಾಡಿದಳು. ನಿಜ ಹೇಳಬೇಕೆಂದರೆ ಲವೆಲ್‌ಗೆ ನೆಲ ಬರೆಯಲು ಬರುತ್ತಿರಲಿಲ್ಲ. ಅವನು ನೆಲ ಬರೆದರೆ ಅದು ಗೋಡೆಯ ಹಾಗೆ ಎದ್ದು ನಿಲ್ಲುತ್ತಿತ್ತು, ಅದಕ್ಕೇ ಬಿಟ್ಟುಬಿಟ್ಟಿದ್ದ.

ನಾಳೆ ಮ್ಯೂಸಿಯಮ್ಮಿನ ವ್ಯಾನು ಬರುವುದಿತ್ತು. ಆದರೆ ಲವೆಲ್‌ಗೆ ಹತ್ತಿದ ಚಿಂತೆ ವ್ಯಾನಿನದಲ್ಲ. ಕ್ವಿನ್ಸಿ ಒಯ್ದ ಡಬ್ಬದಲ್ಲಿ ಒಂದು ಬೀಸಣಿಗೆ ಇತ್ತು. ಅದರಲ್ಲಿ ಅವನೂ ಕ್ವಿನ್ಸಿಯೂ ವರ್ಸಿ ದೊಡ್ಡಮ್ಮನ ಅಡುಗೆಮನೆಯಲ್ಲಿ ಕುಣಿಯುತ್ತಿದ್ದರು. ಕ್ವಿನ್ಸಿಯ ಬೋಳು ತಲೆಯ ಮೇಲೆ ದೊಡ್ಡಮ್ಮನ ಭಾನುವಾರದ ನೇರಳೆ ಟೋಪಿ. ಲವೆಲ್‌ನ ಒಂದು ಕೈಯಲ್ಲಿ ಬೆಣ್ಣೆ ಕೇಕು, ಇನ್ನೊಂದು ಕೈ ಕ್ವಿನ್ಸಿಯ ಸೊಂಟದ ಮೇಲೆ. ಇಬ್ಬರ ಮುಖ ನೋಡಿದರೆ ಸಾಕು, ಕಾರಲ್ಲಿ ಡ್ರಾಪ್ ಕೊಡುವ ಸ್ನೇಹ ಅದಲ್ಲ ಎಂದು ಎಂಥವರಿಗೂ ತಿಳಿಯುತ್ತಿತ್ತು.

ವರ್ಸಿ ದೊಡ್ಡಮ್ಮ ಎಂದರೆ ಅವನ ತಾಯಿಯ ಅಕ್ಕ. ತಾಯಿ ಹೋದ ಮೇಲೆ ಎತ್ತಿ ಆಡಿಸಿ, ಬೈದು ಬೆಳೆಸಿದವರು. ಲಿಟಲ್ ಗಿಲ್ಬೋವ ಬ್ಯಾಪ್ಟಿಸ್ಟ್ ಚರ್ಚಿನ ಅಷರ್ ಮಂಡಳಿಗೆ ಅವರೇ ಅಧ್ಯಕ್ಷೆ. ಬಿಳಿ ಉಡುಪು, ಬಿಳಿ ಕೈಗವಸು, ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವುದು, ಬೀಸಣಿಗೆ ಹಂಚುವುದು, ಚೂಯಿಂಗ್ ಗಮ್ ಅಗಿಯುವವರ ಬಾಯಿಗೆ ಕಾಗದ ಹಿಡಿದು ಉಗುಳಿಸುವುದು. ಕ್ವಿನ್ಸಿಯನ್ನು ಅವರು ಯಾರಿಗಾದರೂ ಪರಿಚಯಿಸುವಾಗ ‘ನಮ್ಮ ಲವೆಲ್‌ನ ಕಾರಲ್ಲಿ ಕರ್ಕೊಂಡು ಹೋಗೋ ಹುಡುಗ’ ಎನ್ನುತ್ತಿದ್ದರು. ಹುಡುಗನಿಗೆ ಐವತ್ತು ಹತ್ತಿರವಾಗಿತ್ತು. ಗುರುವಾರದ ಊಟಕ್ಕೆ ಬಂದಾಗ, ಒಂದೇ ಮಂಚವಿದ್ದ ಕೋಣೆಯ ಮುಂದೆ ಹಾಯುವಾಗ, ಪರದೆ ಚೆನ್ನಾಗಿದೆ ಎಂದು ಹೊಗಳಿ ಮುಂದೆ ಹೋಗುತ್ತಿದ್ದರು. ಇಡೀ ಚರ್ಚಿನ ರೀತಿಯೂ ಅದೇ. ಆರ್ಗನ್ ಮುಂದೆ ಕೂತವನು ಎಂಥವನೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದದ್ದನ್ನು ಬಾಯಿ ಬಿಟ್ಟು ಹೇಳದಿರುವುದು, ಬೈಬಲಿನ ಹತ್ತು ಆಜ್ಞೆಗಳ ಮೇಲೆ, ಗಿಲ್ಬೋವದ ಹನ್ನೊಂದನೆಯ ಆಜ್ಞೆಯಾಗಿತ್ತು.

ಲವೆಲ್ ಈ ಮೌನದಲ್ಲಿ ಹೇಗೋ ಹಾಸಿಗೆ ಹಾಸಿಕೊಂಡಿದ್ದ. ದೊಡ್ಡಮ್ಮ ಹೇಳದಿದ್ದರೆ ಬೇಡ, ದೊಡ್ಡಮ್ಮ ಇರಲಿ. ಆ ಬೀಸಣಿಗೆ ಅವರ ಕಣ್ಣಿಗೆ ಬಿದ್ದರೆ ಅವರು ಏನಾದರೂ ಹೇಳಲೇಬೇಕಾಗುತ್ತದೆ. ಹೇಳಿದ ಮೇಲೆ ಗುರುವಾರದ ಊಟಕ್ಕೆ ಬರುತ್ತಾರೋ ಇಲ್ಲವೋ, ಯಾರು ಬಲ್ಲರು? ಅವನಿಗೆ ರಕ್ತಸಂಬಂಧ ಅಂತ ಉಳಿದಿದ್ದವರು ಅವರೊಬ್ಬರೇ. ಕ್ವಿನ್ಸಿಗೆ ಫೋನು ಹಚ್ಚಿದ, ಆರ್ಗನ್ ಮುಂದೆ ಕೂತವನ ಫೋನು ಆಫ್ ಆಗಿತ್ತು. ಕಾರೂ ಅವನ ಜೊತೆ ಹೋಗಿತ್ತು. ಲವೆಲ್ ಮನೆಯ ಚಪ್ಪಲಿಯಲ್ಲೇ ಓಡಿದ.

ಅವನು ಆ ಚರ್ಚಿನೊಳಗೆ ಕಾಲಿಟ್ಟು ವರ್ಷಗಳಾಗಿದ್ದವು. ಹಿಂದಿನ ಪಾಸ್ಟರ್ ಒಬ್ಬರು ಉಪದೇಶದಲ್ಲಿ ಇವನಂಥವರ ಮೇಲೆ ಬೆಂಕಿ ಸುರಿದ ಭಾನುವಾರ ಎದ್ದು ಹೊರಬಂದವನು, ಆಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಕ್ವಿನ್ಸಿಗಾಗಿ ಕಾಯುವುದನ್ನೇ ತನ್ನ ಭಕ್ತಿ ಮಾಡಿಕೊಂಡಿದ್ದ. ಇವತ್ತು ಅದೇ ಜಾಗದಲ್ಲಿ ಏದುಸಿರು ಬಿಡುತ್ತ ನಿಂತು ತಲೆ ಎತ್ತಿದರೆ, ಎತ್ತರದ ಬಣ್ಣದ ಗಾಜಿನ ಕಿಟಕಿಯ ಒಳಗೆ ಒಂದು ಜೊತೆ ಕಂದು ಬೂಟು ಆಡುತ್ತಿತ್ತು. ಆ ಬೂಟುಗಳ ಗುರುತು ಅವನಿಗಿತ್ತು. ಅವು ಚರ್ಚಿನ ಹಿರಿಯರಾದ ಡೀಕನ್ ಪರ್ವಿಸ್‌ರವು. ಕಿಟಕಿ ಇದ್ದದ್ದು ಮಾತ್ರ ಎರಡಾಳೆತ್ತರದಲ್ಲಿ.

ಬಾಗಿಲು ತಳ್ಳಿದವನ ಎದೆಗೆ ಬಿಳಿ ಕೈಗವಸಿನ ಅಂಗೈ ಅಡ್ಡ ಬಂತು.

‘ಪ್ರಾರ್ಥನೆ ನಡೀತಾ ಇದೆ’ ಎಂದರು ವರ್ಸಿ ದೊಡ್ಡಮ್ಮ.

‘ದೊಡ್ಡಮ್ಮ, ಜನ ಮೇಲೆ ಹೋಗಿದಾರೆ!’

‘ನಂಗೂ ಕಣ್ಣಿದೆ. ಪ್ರಾರ್ಥನೆ ಮುಗಿಯೋ ತನಕ ಒಳಗೆ ಬಿಡೋ ಹಾಗಿಲ್ಲ. ಏನೋ ಇದು, ಮನೆ ಚಪ್ಪಲಿ? ದೇವರ ಮನೆಗೆ ಬರೋ ವೇಷಾನಾ ಇದು?’

‘ಚಪ್ಪಲಿ ಹಾಳಾಗ್ಲಿ! ಅಲ್ಲಿ ನೋಡಿ, ಸಿಸ್ಟರ್ ಎಥೆಲ್ರೀನ್ ದೀಪದ ಪಕ್ಕ ಇದಾರೆ!’

‘ಮೆತ್ತಗೆ ಮಾತಾಡು. ಪಾಸ್ಟರ್ ಇನ್ನೂ ಆಮೆನ್ ಅಂದಿಲ್ಲ.’

ಲವೆಲ್ ಅವರ ಭುಜದ ಮೇಲಿಂದ ಕತ್ತು ಚಾಚಿ ನೋಡಿದ. ಗಿಲ್ಬೋವದ ಮುಕ್ಕಾಲು ಪಾಲು ಜನ ಗಾಳಿಯಲ್ಲಿದ್ದರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬೀಸಣಿಗೆ, ಬೀಸಣಿಗೆಯಲ್ಲಿ ಚಮಕಿ. ಕೆಲವರು ಒಂದು ಮೊಳ ಎದ್ದಿದ್ದರು, ಕೆಲವರು ಛಾವಣಿಗೆ ತಲೆ ತಾಗಿಸಿಕೊಂಡಿದ್ದರು. ಬೆಂಚುಗಳಲ್ಲಿ ಉಳಿದಿದ್ದವರೆಂದರೆ ಬೀಸಣಿಗೆ ಸಿಗದವರು, ಇಲ್ಲ ಸಿಕ್ಕ ಬೀಸಣಿಗೆಯನ್ನು ಕುಂಡೆ ಕೆಳಗೆ ಹಾಕಿಕೊಂಡು ಹಲ್ಲು ಕಚ್ಚಿ ಕೂತವರು.

ಇಂಥ ಕಡೆ ಯಾರಿಗಾದರೂ ಹಾಡಿನ ನಡುವೆ ದೇವರ ಆತ್ಮ ಇಳಿದು ಮೈ ಕುಣಿಯತೊಡಗಿದರೆ ‘ಖುಷಿ ಹತ್ತಿತು’ ಎನ್ನುತ್ತಾರೆ. ಆಗ ಅಷರ್‌ಗಳು ಸುತ್ತ ನಿಲ್ಲಬೇಕು, ಗಾಳಿ ಹಾಕಬೇಕು, ಕನ್ನಡಕ ಒಡೆಯದಂತೆ ತೆಗೆದಿಡಬೇಕು, ಹೆಂಗಸರ ಮಂಡಿಯ ಮೇಲೆ ಬಿಳಿ ಬಟ್ಟೆ ಹೊದಿಸಬೇಕು. ಇವತ್ತೂ ಅವರು ಅದನ್ನೇ ಚಾಚೂ ತಪ್ಪದೆ ಮಾಡುತ್ತಿದ್ದರು. ಮೇಲಿದ್ದವರ ಮಂಡಿಯ ಮೇಲೆ ಬಟ್ಟೆ ನಿಲ್ಲುತ್ತಿರಲಿಲ್ಲವಾದ್ದರಿಂದ ಏಣಿ ಹತ್ತಿ ಪಿನ್ನು ಚುಚ್ಚಿದ್ದರು. ಕನ್ನಡಕಗಳೆಲ್ಲ ಕಾಣಿಕೆ ತಟ್ಟೆಯಲ್ಲಿ ಗುಡ್ಡೆ ಬಿದ್ದಿದ್ದವು. ತೀರ ಹಗುರ ಇದ್ದ ಮುದುಕಿಯರ ಕಾಲಿಗೆ ಗಾಯಕರ ನಿಲುವಂಗಿಯ ದಾರ ಕಟ್ಟಿ ಬೆಂಚಿನ ಕೈಗೆ ಬಿಗಿದಿದ್ದರು.

‘ಇದನ್ನೆಲ್ಲಾ ಮಾಡ್ಬೇಕು ಅಂತ ಯಾರು ಹೇಳಿದ್ದು?’ ಎಂದು ಲವೆಲ್ ಪಿಸುಗುಟ್ಟಿದ.

‘ನಾನೇ. ಖುಷಿ ಹತ್ತಿದವರನ್ನ ನೋಡ್ಕೋಬೇಕು ಅಂತ ನಿಯಮ. ಎಷ್ಟು ಎತ್ತರದವರೆಗೆ ಅಂತ ಎಲ್ಲೂ ಬರೆದಿಲ್ಲ.’

ಮೇಲಿಂದ ಸಿಸ್ಟರ್ ಎಥೆಲ್ರೀನ್‌ರ ದನಿ ಬಂತು. ಗಿಲ್ಬೋವದಲ್ಲಿ ಹೆಂಗಸರೆಲ್ಲ ಸಿಸ್ಟರೇ; ಈಕೆ ನಡೆಯಲು ಆಸರೆಯ ಚೌಕಟ್ಟು ಬೇಕಾಗಿದ್ದ ಮುದುಕಿ. ಚೌಕಟ್ಟು ಕೆಳಗೆ ಒಂಟಿಯಾಗಿ ನಿಂತಿತ್ತು. ‘ಅಯ್ಯೋ ದೇವರೇ, ಇಲ್ಲಿಂದ ಯಾರ್‍ಯಾರದು ವಿಗ್ಗು ಅಂತ ಸ್ಪಷ್ಟವಾಗಿ ಕಾಣ್ತಾ ಇದೆ! ಮಿನರ್ವಾ, ನಿಂದೂನಾ? ಇಷ್ಟು ವರ್ಷ ಕೂದಲಿಗೆ ಯಾವ ಎಣ್ಣೆ ಹಾಕ್ತೀಯ ಅಂತ ನನ್ನ ಕೈಲಿ ಕೇಳಿಸ್ಕೊಂಡು ಸುಮ್ನಿದ್ಯಲ್ಲೇ!’ ಎಂದು ಕಿಸಿಕಿಸಿ ನಕ್ಕರು. ನಕ್ಕಾಗ ಇನ್ನೂ ಒಂದು ಗೇಣು ಮೇಲೆ ಹೋದರು.

ಪಾಸ್ಟರ್ ಹೇರ್‌ಸ್ಟನ್ ಹೊಸಬರು, ಗುಂಡಗೆ, ಸಾಧು ಮನುಷ್ಯ. ಅವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಬೂಟುಗಳು ತೇಲುತ್ತಿದ್ದವು. ಆಮೆನ್ ಹೇಳಿ ಮುಖ ಒರೆಸಿಕೊಂಡು, ‘ಸಹೋದರ ಸಹೋದರಿಯರೇ, ಸಭೆಯ ಶಿಸ್ತಿನ ಪ್ರಕಾರ ಹೋಗೋಣ. ಎಲ್ಲರೂ ಕೆಳಗೆ ಇಳಿಯಬೇಕು ಅಂತ ಯಾರಾದರೂ ಸೂಚಿಸಿ’ ಎಂದರು. ಬೀಸಣಿಗೆಯ ಮೇಲೆ ಕೂತಿದ್ದ ಒಬ್ಬ ಟ್ರಸ್ಟಿ ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ವಿರುದ್ಧ ಇರುವವರು ಕೈ ಎತ್ತಿ ಎಂದಾಗ ಛಾವಣಿಯ ಉದ್ದಕ್ಕೂ ಕೈಗಳು ಬಡಿದ ಸದ್ದಾಯಿತು. ತೇಲುತ್ತಿರುವವರು ಸಭೆಗೆ ಹಾಜರಿದ್ದಾರೆ ಎಂದು ಲೆಕ್ಕವೋ ಅಲ್ಲವೋ ಎಂದು ಟ್ರಸ್ಟಿ ತಕರಾರು ತೆಗೆದರು. ‘ಗೋಡೆ ಒಳಗೆ ಇದೀವೋ ಇಲ್ವೋ? ಇದ್ರೆ ಹಾಜರ್ ಅಂತಾನೇ’ ಎಂದು ಮೇಲಿಂದ ಎಥೆಲ್ರೀನ್ ತೀರ್ಪು ಕೊಟ್ಟರು. ಸೂಚನೆ ಬಿದ್ದುಹೋಯಿತು. ಜನ ಮೇಲೆಯೇ ಉಳಿದರು.

ಪ್ರಾರ್ಥನೆ ಮುಗಿದಿದ್ದರಿಂದ ದೊಡ್ಡಮ್ಮನ ಅಂಗೈ ಕೆಳಗಿಳಿಯಿತು. ಲವೆಲ್ ನಡುವಿನ ದಾರಿಯಲ್ಲಿ, ಕಾಲುಗಳಿಗೆ ತಲೆ ತಾಗದಂತೆ ಬಗ್ಗಿಕೊಂಡು, ಸೀದಾ ಆರ್ಗನ್ ಬಳಿ ಹೋದ. ಕ್ವಿನ್ಸಿ ಬೆವರಿನಲ್ಲಿ ತೊಯ್ದು, ಅದೇ ನಾಲ್ಕು ಸ್ವರಗಳನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿದ್ದ.

‘ನಿಲ್ಲಿಸೋ ಮಾರಾಯ!’

‘ನಿಲ್ಲಿಸಿದ್ರೆ ಎಲ್ಲಾ ಧೊಪ್ ಅಂತ ಬಿದ್ರೆ? ಎಥೆಲ್ರೀನ್ ಅಜ್ಜಿ ಸೊಂಟಕ್ಕೆ ನೀನು ಹೊಣೆನಾ? ಆರಾಧನೆ ಶುರುವಾದಾಗಿಂದ ನುಡಿಸ್ತಾ ಇದೀನಿ, ಒಂದಕ್ಕೂ ಎದ್ದಿಲ್ಲ. ಡಬ್ಬ ತಪ್ಪಾಯ್ತು ಕಣೋ, ಬೈಬೇಡ, ಆಮೇಲೆ ಬೈ.’

‘ನಮ್ಮದು ಯಾರ ಕೈಗೆ ಹೋಯ್ತು?’

ಕ್ವಿನ್ಸಿಯ ಬೆರಳು ಒಂದು ಗಳಿಗೆ ತಡವರಿಸಿತು. ‘ಗೊತ್ತಿಲ್ಲ. ಹಂಚಿದ್ದು ದೊಡ್ಡಮ್ಮ.’

ಲವೆಲ್ ಹುಡುಕತೊಡಗಿದ. ಬೆಂಚಿನ ಮೇಲೆ ಹತ್ತಿ, ಕತ್ತು ನೋಯುವಂತೆ ಮೇಲೆ ನೋಡುತ್ತ, ಒಂದೊಂದೇ ಬೀಸಣಿಗೆ ಪರೀಕ್ಷಿಸಿದ. ಎಥೆಲ್ರೀನ್‌ರ ಕೈಯಲ್ಲಿ, ಸೇತುವೆಯ ಬಳಿ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದ ಜೋಡಿ ಹೆಂಗಸರು ಒಂದೇ ಕುರ್ಚಿಯಲ್ಲಿ ಕೂತು ನಗುತ್ತಿದ್ದರು. ಅದನ್ನು ನೋಡಿ ನೋಡಿ ಮುದುಕಿಯ ಕೆನ್ನೆ ಒದ್ದೆಯಾಗಿತ್ತು. ಯಾಕೆಂದು ಅವನು ಕೇಳಲಿಲ್ಲ. ಕಿಟಕಿಯ ಪಕ್ಕ ಡೀಕನ್ ಪರ್ವಿಸ್ ಇದ್ದರು. ಇಡೀ ಗಿಲ್ಬೋವದಲ್ಲಿ ನಗದ ಮನುಷ್ಯ. ಬೀಸಣಿಗೆಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದರು.

‘ಡೀಕನ್, ಅದು ತಪ್ಪಿ ಬಂದದ್ದು, ಮ್ಯೂಸಿಯಮ್ಮಿಗೆ ಹೋಗ್ಬೇಕು, ಕೊಟ್ಬಿಡಿ’ ಎಂದ ಲವೆಲ್.

‘ಮುಟ್ಟಬೇಡ!’ ಪರ್ವಿಸ್ ಕಾಲು ಝಾಡಿಸಿದರು. ಆಮೇಲೆ ದನಿ ಇಳಿಯಿತು. ‘ಇವನು ನಮ್ಮ ಲಾನಿ ಕಣೋ. ನನ್ನ ತಮ್ಮ. ಈ ಹಳದಿ ಸೂಟು ನಾನೇ ಕೊಡಿಸಿದ್ದು. ಅವನು ಹೋದಾಗ ಅದನ್ನ ಹಾಕಬೇಡಿ, ಕಪ್ಪು ಹಾಕಿ, ಜನ ಏನಂತಾರೆ ಅಂತ ಹೇಳಿದ್ದೂ ನಾನೇ. ಇಷ್ಟು ಚೆನ್ನಾಗಿ ನಗ್ತಿದ್ನಾ ಅವನು? ನಾನು ಮರೆತೇಬಿಟ್ಟಿದ್ದೆ.’ ಮುದುಕ ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. ಯಾವುದು ಎಷ್ಟು ಎಂದು ಕೆಳಗಿನಿಂದ ಹೇಳಲಾಗುತ್ತಿರಲಿಲ್ಲ. ‘ಇದು ಯಾವ ಮ್ಯೂಸಿಯಮ್ಮಿಗೂ ಹೋಗಲ್ಲ, ಹೇಳಿಬಿಡು ಅವರಿಗೆ.’

ಲವೆಲ್ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು ಮುಂದಿನ ಬೀಸಣಿಗೆಗಳ ಕಡೆ ಸರಿದ. ಆದರೆ ಅವನೂ ಕ್ವಿನ್ಸಿಯೂ ಕುಣಿಯುವ ಬೀಸಣಿಗೆ ಎಲ್ಲೂ ಇರಲಿಲ್ಲ. ಬೆಂಚಿನಿಂದ ಇಳಿಯುವಾಗ ವರ್ಸಿ ದೊಡ್ಡಮ್ಮ ಅವನಿಗೆ ಬೆನ್ನು ಹಾಕಿ ಬಾಗಿಲ ಕಡೆ ಹೊರಟಿದ್ದು ಕಂಡಿತು. ಅಷರ್‌ಗಳ ಪದ್ಧತಿಯಂತೆ ಎಡಗೈಯನ್ನು ಮಡಿಸಿ ಬೆನ್ನ ಹಿಂದೆ ಇಟ್ಟುಕೊಂಡಿದ್ದರು. ಆ ಕೈಯ ಬೆರಳುಗಳ ನಡುವೆ ಒಂದು ಬೀಸಣಿಗೆ. ಅದರಲ್ಲೊಂದು ನೇರಳೆ ಟೋಪಿ.

ಲವೆಲ್ ಅವರ ಹಿಂದೆ ಹೋಗಿ ನಿಂತು, ‘ದೊಡ್ಡಮ್ಮ, ಅದನ್ನ ಇಲ್ಲಿ ಕೊಡಿ. ನೋಡ್ಬೇಡಿ’ ಎಂದ.

ಅವರು ತಿರುಗಲಿಲ್ಲ. ‘ಬೆಳಗ್ಗೆ ಬಾಗಿಲು ತೆಗೆಯೋಕೆ ಮುಂಚೇನೇ ನೋಡಿದೀನಿ.’

‘ಇದೊಂದನ್ನಾ?’

‘ಎಲ್ಲಾನೂ. ನೋಡ್ದೇ ಹಂಚೋಕೆ ಇದೇನು ಬೇಯಿಸಿದ ಶೇಂಗಾನಾ? ಡಬ್ಬ ತೆಗೆದೆ, ತಪ್ಪು ಡಬ್ಬ ಅಂತ ಗೊತ್ತಾಯ್ತು, ಮುಚ್ಚಿದೆ. ಆಮೇಲೆ ಇನ್ನೊಂದ್ಸಲ ತೆಗೆದೆ.’ ದೊಡ್ಡಮ್ಮ ಸುತ್ತ ನೋಡಿ ದನಿ ತಗ್ಗಿಸಿದರು. ‘ಪರ್ವಿಸ್ ಕೈಗೆ ಲಾನೀನ ಬೇಕಂತಲೇ ಕೊಟ್ಟೆ. ಎಥೆಲ್ರೀನ್‌ಗೂ ಬೇಕಂತಲೇ ಕೊಟ್ಟೆ. ಅವಳ ವಿಷಯ ನಿಂಗೆ ಬೇಡ. ಒಬ್ಬೊಬ್ಬರಿಗೂ ಯಾವುದು ಬೇಕು ಅಂತ ಈ ಬಾಗಿಲಲ್ಲಿ ನಿಂತು ನಿಂತು ನಂಗೆ ಗೊತ್ತಿದೆ.’

ಲವೆಲ್‌ಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅವನ ಕಣ್ಣು ದೊಡ್ಡಮ್ಮನ ಬಿಳಿ ಬೂಟುಗಳ ಮೇಲೆ ಬಿದ್ದಿತ್ತು. ಊರಿಗೆ ಊರೇ ಅವನ ಚಿತ್ರ ನೋಡಿ ಛಾವಣಿ ಮುಟ್ಟಿತ್ತು. ತನ್ನನ್ನೂ ಕ್ವಿನ್ಸಿಯನ್ನೂ ಅಷ್ಟು ಸುಖವಾಗಿ ನೋಡಿದ ಮೇಲೂ ಈ ಒಬ್ಬರ ಕಾಲು ಮಾತ್ರ ನೆಲ ಬಿಟ್ಟಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

‘ಹಾಗಾದ್ರೆ ನಿಮಗೆ ಏನೂ ಅನ್ನಿಸಲಿಲ್ವಾ?’ ಎಂದ. ದನಿ ಒಡೆದಿತ್ತು.

‘ಅನ್ನಿಸ್ತು. ನನ್ನ ಟೋಪಿ ಹಿಂದುಮುಂದಾಗಿದೆ. ಗರಿ ಎಡಕ್ಕೆ ಬರ್ಬೇಕು. ಕೇಳ್ದೇ ತಗೊಂಡೋರಿಗೆ ಅಷ್ಟೂ ಗೊತ್ತಾಗಲ್ವಾ?’

‘ದೊಡ್ಡಮ್ಮ, ಎಲ್ಲರೂ ಮೇಲೆ ಹೋದ್ರು. ನೀವು ಯಾಕೆ ಹೋಗಿಲ್ಲ?’

ವರ್ಸಿ ದೊಡ್ಡಮ್ಮ ಉಡುಪು ಸರಿಮಾಡಿಕೊಂಡರು. ಒಂದು ಹೆಜ್ಜೆ ಇಟ್ಟರು. ಇಡುವಾಗ ಏನೋ ಠಣ್ ಎಂದಿತು. ಆಗ ಲವೆಲ್ ಸರಿಯಾಗಿ ನೋಡಿದ. ಬಿಳಿ ಉಡುಪಿನ ಜೇಬುಗಳು ಕೆಳಕ್ಕೆ ಜೋತುಬಿದ್ದಿದ್ದವು, ಒಂದೊಂದರಲ್ಲೂ ದಪ್ಪ ದಪ್ಪ ಕೀರ್ತನೆ ಪುಸ್ತಕಗಳು. ಸೊಂಟದ ಪಟ್ಟಿಯೊಳಗೆ ಹಿತ್ತಾಳೆಯ ಕಾಣಿಕೆ ತಟ್ಟೆಗಳು. ಕೈಗೆ ನೇತುಹಾಕಿದ್ದ ಬ್ಯಾಗಿನೊಳಗೆ ಬಾಗಿಲಿಗೆ ಒತ್ತಿಡುವ ಕಬ್ಬಿಣದ ಗುಂಡು. ಅಷ್ಟೆಲ್ಲ ಇದ್ದೂ ಅವರ ಹಿಮ್ಮಡಿ ನೆಲ ಮುಟ್ಟಿರಲಿಲ್ಲ, ತುದಿಗಾಲಲ್ಲಿ ನಡೆಯುತ್ತಿದ್ದರು.

‘ಬೆಳಗಿಂದ ಒದ್ದಾಡ್ತಾ ಇದೀನಿ ಕಣೋ’ ಎಂದರು ದೊಡ್ಡಮ್ಮ, ಸಣ್ಣ ದನಿಯಲ್ಲಿ. ‘ಇದನ್ನ ನೋಡಿದ ತಕ್ಷಣ ಉಗ್ರಾಣದ ಛಾವಣಿಗೆ ತಲೆ ಚಚ್ಚಿಕೊಂಡೆ. ಇಲ್ಲಿ ನೋಡು, ಊದಿಕೊಂಡಿದೆ. ಕಪಾಟು ಹಿಡ್ಕೊಂಡು ಇಳಿದೆ.’

‘ಯಾಕೆ ಇಳಿದ್ರಿ?’

‘ನಾನೂ ಮೇಲೆ ಹೋದ್ರೆ ಬಾಗಿಲು ಯಾರು ನೋಡ್ಕೋತಾರೆ?’ ಎಂದರು. ಬೆನ್ನ ಹಿಂದಿನ ಬೀಸಣಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ‘ಅದಲ್ಲ. ಹೋದ್ರೆ ಕೇಳ್ತಾರೆ. ವರ್ಸಿ, ನೀನು ಯಾರ ಚಿತ್ರ ನೋಡಿ ಬಂದೆ ಅಂತ ಎಲ್ಲರ ಮುಂದೆ ಕೇಳ್ತಾರೆ. ಹೇಳ್ಬೇಕಾಗುತ್ತೆ. ನಂಗೆ ಹೇಳೋಕೆ ಅಭ್ಯಾಸ ಇಲ್ಲ ಕಣಪ್ಪ. ಇಷ್ಟು ವರ್ಷ ಹೇಳದೇ ಇದ್ದವಳು ಈಗ ಹೇಳಿದ್ರೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ನೀವಿಬ್ರೂ ಕೇಳಲ್ವಾ?’

ಲವೆಲ್ ಕೇಳುವುದಿಲ್ಲ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ವೇದಿಕೆಯಿಂದ ಪಾಸ್ಟರ್ ಹೇರ್‌ಸ್ಟನ್ ಮೈಕು ತಟ್ಟಿದರು. ‘ಸಿಸ್ಟರ್ ವರ್ಸಿ, ಟ್ರಸ್ಟಿಗಳು ತಿಳ್ಕೊಳ್ಳೋಕೆ ಕೇಳ್ತಾ ಇದಾರೆ. ಈ ಬೀಸಣಿಗೆಗಳು ಟಾಲಿವರ್ ಅವರದಲ್ಲ ಅನ್ನೋದು ಕಾಣ್ತಾ ಇದೆ. ಯಾರದು ಇವು?’

ಮೇಲಿದ್ದವರೂ ಕೆಳಗಿದ್ದವರೂ ಬಾಗಿಲ ಕಡೆ ತಿರುಗಿದರು. ಮೇಲಿದ್ದವರು ಪೂರಾ ಒಂದು ಸುತ್ತು ತಿರುಗಿ ಆಮೇಲೆ ನಿಂತರು.

‘ನಂದು ಪಾಸ್ಟರ್’ ಎಂದ ಲವೆಲ್. ‘ತಪ್ಪಾಗಿ ಬಂದವು. ಎಲ್ಲಾ ಒಟ್ಟುಮಾಡಿ ತಗೊಂಡು ಹೋಗ್ತೀನಿ. ದೊಡ್ಡಮ್ಮಂಗೆ ಇದರಲ್ಲಿ ಏನೂ—’

‘ನೀನು ಸುಮ್ನಿರು’ ಎಂದರು ದೊಡ್ಡಮ್ಮ. ಕೈಗೆ ನೇತುಹಾಕಿದ್ದ ಬ್ಯಾಗು ತೆಗೆದು ಅವನ ಕೈಗೆ ಕೊಟ್ಟರು. ಕಬ್ಬಿಣದ ಗುಂಡಿನ ಭಾರಕ್ಕೆ ಅವನ ಭುಜ ಕೆಳಗೆ ಜಗ್ಗಿತು. ‘ಪಾಸ್ಟರ್, ನಮ್ಮ ಲವೆಲ್ ಬರೆದದ್ದು ಇವೆಲ್ಲಾ. ನನ್ನ ತಂಗಿ ಮಗ. ನಾನೇ ಸಾಕಿದ್ದು. ಇವನು ಚಿಕ್ಕೋನಿದ್ದಾಗ ನನ್ನ ಗೋಡೆ ತುಂಬಾ ಬರೆದು ಏಟು ತಿಂದಿದಾನೆ. ತಪ್ಪಿ ಬಂದದ್ದು ನಿಜ. ಹಂಚಿದ್ದು ತಪ್ಪಿ ಅಲ್ಲ.’

ಬಲಜೇಬಿನ ಕೀರ್ತನೆ ಪುಸ್ತಕಗಳನ್ನು ತೆಗೆದು ಅವನ ಕೈಯ ಮೇಲೆ ಪೇರಿಸಿದರು. ಎಡಜೇಬಿನವನ್ನೂ ಪೇರಿಸಿದರು. ಅವರ ಬೂಟಿನ ತುದಿ ನೆಲದಿಂದ ಬಿಟ್ಟುಕೊಂಡಿತು. ಅಷರ್ ಒಬ್ಬಳು ಓಡಿಬಂದು ಮಂಡಿಗೆ ಬಿಳಿ ಬಟ್ಟೆ ಸುತ್ತಿದಳು.

‘ನಿನ್ನ ಕೈಲಿರೋದು ಯಾರದಮ್ಮ?’ ಎಂದು ಮೇಲಿಂದ ಎಥೆಲ್ರೀನ್ ಕೇಳಿದರು.

ವರ್ಸಿ ದೊಡ್ಡಮ್ಮ ಬೆನ್ನ ಹಿಂದಿನ ಕೈಯನ್ನು ಮುಂದೆ ತಂದು ಬೀಸಣಿಗೆಯನ್ನು ಎತ್ತಿ ಹಿಡಿದರು. ಕಿಟಕಿಯ ಬೆಳಕು ಬಿದ್ದು ಅದರ ಚಮಕಿ ಗೋಡೆಯ ತುಂಬ ಚೆಲ್ಲಿತು. ‘ಇವನು ನಮ್ಮ ಲವೆಲ್. ಇದು ನನ್ನ ಅಡುಗೆಮನೆ. ಇದು ನನ್ನ ಟೋಪಿ, ಹಿಂದುಮುಂದಾಗಿದೆ, ಅದನ್ನ ನೋಡ್ಬೇಡಿ. ಟೋಪಿ ಹಾಕಿರೋನು...’

ಅಲ್ಲಿಗೆ ನಿಂತರು. ಆರ್ಗನ್ ಮುಂದೆ ಕ್ವಿನ್ಸಿಯ ಕೈಗಳೂ ನಿಂತವು. ಸಂಗೀತ ನಿಂತರೆ ಎಲ್ಲರೂ ಬೀಳುತ್ತಾರೆ ಎಂದು ಅಷರ್‌ಗಳು ಕೈ ಚಾಚಿ ಕೆಳಗೆ ಸಾಲಾಗಿ ನಿಂತರು. ಒಬ್ಬರೂ ಬೀಳಲಿಲ್ಲ. ಪಾಪ, ಕ್ವಿನ್ಸಿ ಅಷ್ಟು ಹೊತ್ತು ಒಂದಕ್ಕೂ ಏಳದೆ ನುಡಿಸಿದ್ದು ದಂಡವಾಗಿತ್ತು. ಅವನು ಎದ್ದು ನಿಂತು, ಕಟಕಟೆಯಲ್ಲಿ ತೀರ್ಪಿಗೆ ಕಾಯುವವನ ಮುಖ ಮಾಡಿಕೊಂಡು ದೊಡ್ಡಮ್ಮನನ್ನೇ ನೋಡುತ್ತಿದ್ದ.

‘ಟೋಪಿ ಹಾಕಿರೋನು ಲವೆಲ್‌ನ ಕಾರಲ್ಲಿ...’ ಎಂದರು ದೊಡ್ಡಮ್ಮ, ಬಾಯಿಗೆ ರೂಢಿಯಾದ ಮಾತು ತಾನೇ ತಾನಾಗಿ ಹೊರಟಿತ್ತು. ತಲೆ ಅಲ್ಲಾಡಿಸಿದರು. ಅರೆಬರೆ ಮೇಲೆದ್ದಿದ್ದ ಅವರು ಮತ್ತೆ ಒಂದು ಬೆರಳಿನಷ್ಟು ಕೆಳಗಿಳಿದರು.

‘ಹೇಳಮ್ಮ ವರ್ಸಿ’ ಎಂದರು ಎಥೆಲ್ರೀನ್, ಈಗ ನಗದೆ. ‘ನಮಗೆಲ್ಲಾ ಗೊತ್ತಿರೋದೇ. ನಿನ್ನ ಬಾಯಲ್ಲಿ ಕೇಳೋಕೆ ಕಾಯ್ತಾ ಇದೀವಿ.’

‘ಹೇಳ್ರೀ’ ಎಂದರು ಡೀಕನ್ ಪರ್ವಿಸ್ ಕಿಟಕಿಯ ಬಳಿಯಿಂದ. ‘ನಾನು ಹೇಳದೇ ಹೋದೆ. ನೀವು ಹೇಳಿ.’

ಲವೆಲ್ ಕಣ್ಣು ಮುಚ್ಚಿಕೊಂಡ. ಪುಸ್ತಕಗಳ ಭಾರಕ್ಕೆ ತೋಳು ನಡುಗುತ್ತಿತ್ತು. ಬೇಡ, ಹೇಳದಿದ್ದರೂ ಆಯಿತು, ಇಳಿದು ಬನ್ನಿ, ಮನೆಗೆ ಹೋಗೋಣ ಎಂದು ಹೇಳಬೇಕೆನಿಸಿತು. ಹೇಳಿದರೂ ಸುಳ್ಳಾಗುತ್ತಿತ್ತು. ಆ ಒಂದು ಮಾತು ಅವನಿಗೆ ಬೇಕಾಗಿತ್ತು. ಇಷ್ಟು ಬೇಕಾಗಿತ್ತೆಂದು ಅವನಿಗೇ ಗೊತ್ತಿರಲಿಲ್ಲ.

ದೊಡ್ಡಮ್ಮ ಸೊಂಟದ ಪಟ್ಟಿ ಬಿಚ್ಚಿದರು. ಹಿತ್ತಾಳೆ ತಟ್ಟೆಗಳು ಒಂದರ ಹಿಂದೆ ಒಂದು ನೆಲಕ್ಕೆ ಬಿದ್ದು ಉರುಳಿ, ಚರ್ಚಿನ ಮೂಲೆ ಮೂಲೆಗೂ ಸದ್ದು ಮಾಡಿ ನಿಂತವು.

‘ಇವನು ನಮ್ಮ ಮನೆ ಅಳಿಯ’ ಎಂದರು ವರ್ಸಿ ದೊಡ್ಡಮ್ಮ. ‘ಕ್ವಿನ್ಸಿ. ನಮ್ಮ ಲವೆಲ್‌ನ ಕೈ ಹಿಡಿದವನು. ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ನಂಗೆ ಹೇಳಿ, ಮಕ್ಕಳಿಗೆ ಹೇಳ್ಬೇಡಿ.’

ಯಾರೂ ಏನೂ ಹೇಳಲಿಲ್ಲ. ಹೇಳಲು ದೊಡ್ಡಮ್ಮ ಅಲ್ಲಿರಲೂ ಇಲ್ಲ. ಬಾಟಲಿಯ ಬಿರಡೆ ಹಾರಿದಂತೆ ಮೇಲಕ್ಕೆ ಹೋಗಿ, ಅಡ್ಡ ಬಂದ ಇಬ್ಬರು ಟ್ರಸ್ಟಿ ಹೆಂಡತಿಯರನ್ನು ಪಕ್ಕಕ್ಕೆ ಸರಿಸಿ, ಛಾವಣಿಯ ನಟ್ಟನಡುವೆ ಬೆನ್ನು ತಾಗಿಸಿ ನಿಂತಿದ್ದರು. ಜೀವಮಾನದಲ್ಲಿ ಮೊದಲ ಸಲ ಅವರು ಬಾಯಿ ತುಂಬ ನಗುವುದನ್ನು ಲವೆಲ್ ಕಂಡ. ಹಲ್ಲಿನ ಸೆಟ್ಟು ಸಡಿಲವಾಗಿ, ಕೈಯಿಂದ ಮುಚ್ಚಿಕೊಂಡು ಮತ್ತೆ ನಕ್ಕರು. ಬೆಂಚಿನ ಮೇಲೆ ಕೂತಿದ್ದವರಲ್ಲಿ ಒಬ್ಬೊಬ್ಬರೇ ಸುಮ್ಮನೆ ಸ್ವಲ್ಪ ಸರಿದು, ಕೆಳಗಿನಿಂದ ಬೀಸಣಿಗೆ ಎಳೆದು ನೋಡಿದರು. ಪಾಸ್ಟರ್ ಹೇರ್‌ಸ್ಟನ್ ಬೈಬಲ್ ಮಡಿಸಿ, ನನಗೂ ಒಂದು ಸಿಗಬಹುದೇ ಎಂದು ಅಷರ್‌ಗಳನ್ನು ಕೇಳಿದರು.

ಕ್ವಿನ್ಸಿ ಉರುಳಿದ್ದ ತಟ್ಟೆಗಳನ್ನು ದಾಟಿಕೊಂಡು ಬಂದು ಲವೆಲ್‌ನ ಎದುರು ನಿಂತ. ಇಬ್ಬರ ನಡುವೆ ಪುಸ್ತಕಗಳ ರಾಶಿ.

‘ಅಳಿಯಂದಿರೇ!’ ಎಂದು ಮೇಲಿಂದ ದೊಡ್ಡಮ್ಮ ಕೂಗಿದರು. ‘ಅವನ ಕೈಲಿರೋ ಭಾರ ಮೊದಲು ಇಳಿಸಿ!’

ಕ್ವಿನ್ಸಿ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಬೆಂಚಿನ ಮೇಲೆ ಇಟ್ಟ. ಕಬ್ಬಿಣದ ಗುಂಡಿನ ಬ್ಯಾಗನ್ನೂ ತೆಗೆದು ಕೆಳಗಿಟ್ಟ. ಲವೆಲ್ ಅಳುತ್ತಿದ್ದ, ನಾಚಿಕೆ ಬಿಟ್ಟು, ಮೂಗು ಸುರಿಸಿಕೊಂಡು ಅಳುತ್ತಿದ್ದ. ಕ್ವಿನ್ಸಿ ಗಿಲ್ಬೋವದ ಎಲ್ಲರ ಎದುರಿಗೆ ಅವನ ಕೈ ಹಿಡಿದುಕೊಂಡ, ಮತ್ತೆ ಬಿಡಲಿಲ್ಲ.